ವಾಹನ ಪ್ರಶ್ನೋತ್ತರ: ಗ್ಯಾರೇಜಿನಲ್ಲಿ ಕಾಣಿಸಿಕೊಳ್ಳದ ಥ್ರಾಟಲ್ ದೋಷ

ಈ ಸಲ ಬಂದ ಪತ್ರಗಳಲ್ಲಿ ಐದು ಕಾಸರಗೋಡು ಜಿಲ್ಲೆಯವು, ಮತ್ತು ಐದೂ ಹೆಚ್ಚುಕಡಿಮೆ ಒಂದೇ ಬಿಡಿಭಾಗಕ್ಕೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರಿಗೆ ಸಂಬಂಧಿಸಿದವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇಲ್ಲಿ ಅವುಗಳಿಗಷ್ಟೇ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನನ್ನದು 2012ರ ಪೆಟ್ರೋಲ್ ಕಾರು, ಎಕ್ಸಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಕೇಬಲ್ ಇರುವ ಮಾದರಿ. ಬದಿಯಡ್ಕದಿಂದ ಕುಂಬಳೆಗೆ ಬಂದು ಹೆದ್ದಾರಿಯಲ್ಲಿ ತಲಪಾಡಿಯ ಕಡೆಗೆ ಹೋಗುವಾಗ, 50–60 ಕಿ.ಮೀ. ವೇಗದಲ್ಲಿ ಕಾಲನ್ನು ಒಂದೇ ಸಮನೆ ಇಟ್ಟುಕೊಂಡರೆ ಕಾರು ಜಗ್ಗಿ ಜಗ್ಗಿ ಓಡುತ್ತದೆ. ಪೆರ್ಲ, ಅಡ್ಯನಡ್ಕದ ಏರುತಗ್ಗಿನಲ್ಲಿ ಈ ತೊಂದರೆಯೇ ಇಲ್ಲ. ಚೆಕ್ ಎಂಜಿನ್ ದೀಪ ಯಾವಾಗಲಾದರೊಮ್ಮೆ ಹೊತ್ತಿಕೊಂಡು, ಕೆಲವು ದಿನಗಳಲ್ಲಿ ತಾನಾಗಿ ಆರಿಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸಿದ್ದಾಯಿತು, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ದಾಯಿತು. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಕಾರು ಏನೂ ಆಗದಂತೆ ಓಡುತ್ತದೆ. ಈಗ ಥ್ರಾಟಲ್ ಪೊಸಿಷನ್ ಸೆನ್ಸರ್ ಬದಲಿಸಿ ನೋಡೋಣ ಎನ್ನುತ್ತಿದ್ದಾರೆ. ಬದಲಿಸಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಕೊನೆಗೆ ಬದಲಿಸಬೇಕಾಗಿಯೇ ಬರಬಹುದು, ಆದರೆ ‘ಬದಲಿಸಿ ನೋಡೋಣ’ ಎಂಬ ಪದ್ಧತಿಗೆ ನನ್ನ ಸಮ್ಮತಿಯಿಲ್ಲ. ಬಂದು ಹೋಗುವ ದೋಷದಲ್ಲಿ ಹೊಸ ಭಾಗ ಹಾಕಿದ ಮೇಲೆ ನಾಲ್ಕು ದಿನ ಕಾರು ಚೆನ್ನಾಗಿ ಓಡಿತೆಂದರೆ, ಅದು ಹೊಸ ಭಾಗದಿಂದಲೋ ಅಥವಾ ಆ ನಾಲ್ಕು ದಿನ ದೋಷ ತಲೆ ಎತ್ತದೆ ಇದ್ದುದರಿಂದಲೋ ಎಂದು ಯಾರೂ ಹೇಳಲಾರರು. ಸೆನ್ಸರನ್ನು ಬಿಚ್ಚುವಾಗ ಅದರ ಕಪ್ಲರನ್ನು (ತಂತಿಗಳನ್ನು ಜೋಡಿಸುವ ಪ್ಲಗ್ಗನ್ನು) ಕಿತ್ತು ಮತ್ತೆ ಚುಚ್ಚಿದ್ದರಿಂದಲೇ ಪಿನ್ನುಗಳ ಮೇಲಿನ ಕಿಲುಬು ಉಜ್ಜಿಹೋಗಿ ತಾತ್ಕಾಲಿಕವಾಗಿ ಸರಿಯಾಗಿರುವ ಸಾಧ್ಯತೆಯೂ ಇರುತ್ತದೆ.

ನಿಮ್ಮ ಪತ್ರದಲ್ಲಿ ದೀಪದ ವಿಚಾರಕ್ಕಿಂತ, ಹೆದ್ದಾರಿಯಲ್ಲಿ ಬರುವ ಜಗ್ಗಾಟ ಏರುತಗ್ಗಿನಲ್ಲಿ ಬರುವುದಿಲ್ಲ ಎಂಬ ಮಾತೇ ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿತು. ಸ್ಪಾರ್ಕಿನ ಬಲ ಕುಂದಿದ್ದರೆ ಅಥವಾ ಪೆಟ್ರೋಲ್ ಪಂಪು ಸೋತಿದ್ದರೆ ಎಂಜಿನ್ನಿಗೆ ಹೊರೆ ಹೆಚ್ಚಾದಾಗ, ಅಂದರೆ ಏರು ಹತ್ತುವಾಗಲೇ, ಅದು ಮೊದಲು ಗೊತ್ತಾಗುತ್ತದೆ. ನಿಮ್ಮ ಕಾರು ಏರಿನಲ್ಲಿ ಸಲೀಸಾಗಿ ಹೋಗುತ್ತಿರುವುದರಿಂದ ಅವೆರಡರ ಮೇಲಿನ ಅನುಮಾನ ತಗ್ಗುತ್ತದೆ. ಇನ್ನು ಸೆನ್ಸರಿನ ಕಡೆಗೆ ಬರೋಣ.

ಕೇಬಲ್ ಇರುವ ಕಾರುಗಳಲ್ಲಿ ಈ ಸೆನ್ಸರು ಥ್ರಾಟಲ್ ತಟ್ಟೆಯ ದಂಡದ ತುದಿಯಲ್ಲಿ, ಕೇಬಲ್ ಸುತ್ತುವ ಗಾಲಿಯ ಎದುರು ಬದಿಯಲ್ಲಿ ಕುಳಿತಿರುತ್ತದೆ. ಬಹುತೇಕ ಹಳೆಯ ಮಾದರಿಗಳಲ್ಲಿ ಇದರ ಒಳರಚನೆ ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನ ಹಾಗೆಯೇ ಇರುತ್ತದೆ: ಕಾರ್ಬನ್ನಿನ ಒಂದು ಪಟ್ಟಿ, ಅದರ ಮೇಲೆ ಸರಿಯುವ ಒಂದು ಲೋಹದ ಬೆರಳು. ಪಟ್ಟಿಯ ಒಂದು ತುದಿಗೆ ಎಂಜಿನ್ ಕಂಪ್ಯೂಟರಿನಿಂದ 5 ವೋಲ್ಟ್ ಬರುತ್ತದೆ, ಇನ್ನೊಂದು ತುದಿ ಅರ್ತಿಗೆ ಸೇರುತ್ತದೆ, ಬೆರಳಿನಿಂದ ಹೊರಡುವ ಮೂರನೆಯ ತಂತಿಯಲ್ಲಿ ಸಿಗ್ನಲ್ ಹೋಗುತ್ತದೆ. ಪೆಡಲ್ ಬಿಟ್ಟಾಗ ಸುಮಾರು 0.5 ವೋಲ್ಟ್, ಪೂರ್ತಿ ಒತ್ತಿದಾಗ ಸುಮಾರು 4.5 ವೋಲ್ಟ್ ಎಂಬುದು ಸಾಮಾನ್ಯ ಲೆಕ್ಕ. ಮಾದರಿಯಿಂದ ಮಾದರಿಗೆ ಸ್ವಲ್ಪ ಆಚೀಚೆ ಇರುತ್ತದೆ. ಬೆರಳು ಎಲ್ಲಿ ಹೆಚ್ಚು ಹೊತ್ತು ನಿಂತು ಎಂಜಿನ್ನಿನ ನಡುಕಕ್ಕೆ ಅಲುಗುತ್ತಿರುತ್ತದೆಯೋ ಅಲ್ಲೇ ಪಟ್ಟಿ ಸವೆಯುತ್ತದೆ. ಸಪಾಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರ ಕಾಲು ಒಂದೇ ಜಾಗದಲ್ಲಿ ಇರುವುದರಿಂದ ಸವೆತವೂ ಆ ಜಾಗಕ್ಕೇ ಬೀಳುತ್ತದೆ. ಏರುತಗ್ಗಿನಲ್ಲಿ ಪೆಡಲ್ ಆ ಜಾಗವನ್ನು ಕ್ಷಣದಲ್ಲಿ ದಾಟಿಹೋಗುವುದರಿಂದ ನಿಮಗೆ ಅರಿವಾಗುವುದಿಲ್ಲ. ಹೀಗಾಗಿ ನಿಮ್ಮ ಮೆಕ್ಯಾನಿಕರ ಅನುಮಾನ ನಿರಾಧಾರವೇನಲ್ಲ. ಅದಕ್ಕೆ ಸಾಕ್ಷಿ ಮಾತ್ರ ಇನ್ನೂ ಸಿಕ್ಕಿಲ್ಲ.

ಇಂಥ ದೋಷವನ್ನು ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪ್ರತಿ ಸಲವೂ ಬದಲಾಗದೆ ಇರುವುದು ಯಾವುದು? ಪೆಡಲಿನ ಸ್ಥಾನ ಬದಲಾಗದಿದ್ದರೆ ಸೆನ್ಸರಿನ ಒಳಪಟ್ಟಿಯನ್ನು ಶಂಕಿಸಬೇಕು. ಪೆಡಲ್ ಎಲ್ಲಿಯೇ ಇರಲಿ, ಹೊಂಡಕ್ಕೆ ಇಳಿದಾಗ ಅಥವಾ ಹಂಪ್ ದಾಟಿದಾಗಲೇ ಬರುವುದಾದರೆ ಕಪ್ಲರ್ ಅಥವಾ ತಂತಿಯನ್ನು ನೋಡಬೇಕು. ಮಳೆ ಬಂದ ಬೆಳಿಗ್ಗೆ ಅಥವಾ ಎಂಜಿನ್ ಕಾದು ಅರ್ಧ ಗಂಟೆಯಾದ ಮೇಲೆಯೇ ಬರುವುದಾದರೆ ತೇವವನ್ನೋ ಬಿಸಿಯನ್ನೋ ಹಿಂಬಾಲಿಸಬೇಕು. ಇದಕ್ಕಾಗಿ ಕಾರಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು, ಜಗ್ಗಾಟ ಬಂದಾಗಲೆಲ್ಲ ಗಾಡಿ ನಿಲ್ಲಿಸಿದ ಮೇಲೆ ವೇಗ, ಗೇರು, ಎ.ಸಿ. ಇತ್ತೇ ಇಲ್ಲವೇ, ಮಳೆಯೋ ಬಿಸಿಲೋ ಎಂಬುದನ್ನು ಗುರುತು ಹಾಕಿಕೊಳ್ಳಿರಿ. ಮೆಕ್ಯಾನಿಕರಿಗೆ ‘ಕೆಲವೊಮ್ಮೆ ಆಗುತ್ತದೆ’ ಎಂದು ಹೇಳುವುದಕ್ಕೂ ಇದನ್ನು ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಪರೀಕ್ಷೆಯ ಮೊದಲ ಹೆಜ್ಜೆ ಸ್ಕ್ಯಾನರ್ ಜೋಡಿಸಿ ದೋಷದ ಕೋಡನ್ನು ಓದುವುದು. ಬ್ಯಾಟರಿಯ ತಂತಿ ಕಳಚಿ ದೀಪ ಆರಿಸುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಹಾಗೆ ಮಾಡಿದರೆ ಕೋಡಿನ ಜೊತೆಗೆ, ದೋಷ ಸಂಭವಿಸಿದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ನಿನ ಬಿಸಿ ಮುಂತಾದವುಗಳನ್ನು ಕಂಪ್ಯೂಟರ್ ಹಿಡಿದಿಟ್ಟಿರುವ ‘ಫ್ರೀಜ್ ಫ್ರೇಮ್’ ದಾಖಲೆಯೂ ಅಳಿಸಿಹೋಗಬಹುದು. ಪಿ0122 ಎಂದರೆ ಸಿಗ್ನಲ್ ತೀರಾ ಕೆಳಗಿಳಿದಿದೆ, ಪಿ0123 ಎಂದರೆ ತೀರಾ ಮೇಲೇರಿದೆ, ಪಿ0121 ಎಂದರೆ ಸಿಗ್ನಲ್ ಮಿತಿಯೊಳಗೇ ಇದ್ದರೂ ಉಳಿದ ಸೆನ್ಸರುಗಳ ಮಾತಿಗೆ ಹೊಂದುತ್ತಿಲ್ಲ, ಪಿ0124 ಎಂದರೆ ಬಿಟ್ಟು ಬಿಟ್ಟು ಬರುತ್ತಿದೆ. ಇವು ಯಾವುವೂ ‘ಸೆನ್ಸರ್ ಬದಲಿಸಿ’ ಎಂದು ಹೇಳುವುದಿಲ್ಲ. ಕೋಡು ದೂರುವುದು ಇಡೀ ಮಂಡಲವನ್ನು: ಸೆನ್ಸರು, ಮೂರು ತಂತಿ, ಎರಡೂ ತುದಿಯ ಕಪ್ಲರು, ಕಂಪ್ಯೂಟರು ಎಲ್ಲವೂ ಅದರಲ್ಲಿ ಸೇರಿವೆ. 5 ವೋಲ್ಟ್ ತಂತಿ ಕಳಚಿದರೆ ಸಿಗ್ನಲ್ ಸೊನ್ನೆಗೆ ಇಳಿಯುತ್ತದೆ, ಅರ್ತಿನ ತಂತಿ ಕಳಚಿದರೆ 5 ವೋಲ್ಟಿನತ್ತ ಏರುತ್ತದೆ ಎಂಬುದನ್ನು ನೆನಪಿಟ್ಟರೆ, ಕೋಡನ್ನು ಓದುವಾಗಲೇ ಯಾವ ತಂತಿಯಿಂದ ಆರಂಭಿಸಬೇಕೆಂದು ತಿಳಿಯುತ್ತದೆ.

ಎರಡನೆಯ ಹೆಜ್ಜೆಗೆ ಮುಳ್ಳಿರುವ ಹಳೆಯ ಮಲ್ಟಿಮೀಟರ್ ಬೇಕು. ಅಂಕಿ ತೋರಿಸುವ ಡಿಜಿಟಲ್ ಮೀಟರು ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಿಸುವುದರಿಂದ, ಕಣ್ಣೆವೆ ಇಕ್ಕುವಷ್ಟರಲ್ಲಿ ಬಂದು ಹೋಗುವ ಕುಸಿತ ಅದರ ಕೈಗೆ ಸಿಗುವುದಿಲ್ಲ. ವೋಲ್ಟಿನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇರುವ ವರ್ಕ್‌ಶಾಪಿನಲ್ಲಿ ಇನ್ನೂ ಉತ್ತಮ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಕಪ್ಲರಿನ ಹಿಂಬದಿಯಿಂದ, ಸಿಗ್ನಲ್ ತಂತಿಯ ಪಕ್ಕದಲ್ಲಿ ಸಣ್ಣ ಪಿನ್ ತೂರಿಸಿ, ಒಬ್ಬರು ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಿರುವಾಗ ಇನ್ನೊಬ್ಬರು ಮುಳ್ಳನ್ನು ನೋಡಬೇಕು. ಪಟ್ಟಿ ಚೆನ್ನಾಗಿದ್ದರೆ ಮುಳ್ಳು ಎಲ್ಲಿಯೂ ತಡವರಿಸದೆ ಮೇಲೇರುತ್ತದೆ. ಸವೆದಿದ್ದರೆ, ಪೆಡಲ್ ಕಾಲು ಭಾಗವೂ ಇಳಿದಿರದ ಹಂತದಲ್ಲಿ, ಮುಳ್ಳು ಫಕ್ಕನೆ ಎಡಕ್ಕೆ ಬಿದ್ದು ಮರುಕ್ಷಣ ಎದ್ದು ನಿಲ್ಲುತ್ತದೆ. ಪೆಡಲನ್ನು ಹಿಂದಕ್ಕೆ ಬಿಡುವಾಗಲೂ ಅದೇ ಅಂಕಿಯ ಹತ್ತಿರ ಮತ್ತೆ ಬೀಳುತ್ತದೆ. ಈ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗ ಒಮ್ಮೆ, ಕುಂಬಳೆಯವರೆಗೆ ಓಡಿಸಿ ಬಂದ ಕೂಡಲೇ ಇನ್ನೊಮ್ಮೆ ಮಾಡಿಸಿರಿ. ಬಳಿಕ ಪೆಡಲನ್ನು ಮುಟ್ಟದೆ, ಕಪ್ಲರಿನ ಹಿಂದಿನ ತಂತಿಗಳನ್ನು ಮೆಲ್ಲಗೆ ಅಲ್ಲಾಡಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಸೆನ್ಸರಿನ ಬೆನ್ನಿಗೆ ಹಗುರವಾಗಿ ತಟ್ಟಿ ನೋಡಬೇಕು. ತಂತಿ ಅಲುಗಿದಾಗ ಮುಳ್ಳು ಕುಣಿದರೆ ಸೆನ್ಸರಿಗೆ ಹಣ ಹಾಕುವ ಮೊದಲು ಕಪ್ಲರನ್ನು ನೋಡಬೇಕು.

ವೋಲ್ಟ್ ಅಳೆಯಲೆಂದು ತಂತಿಯ ಪ್ಲಾಸ್ಟಿಕ್ ಹೊದಿಕೆಗೆ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿರಿ. ಕರಾವಳಿಯ ಉಪ್ಪುಗಾಳಿಗೆ ಆ ಸೂಜಿಯ ತೂತು ಸಾಕು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ತಾಮ್ರ ಒಳಗೊಳಗೇ ಹಸಿರಾಗಿ ಪುಡಿಯಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಮುಳ್ಳು ಬಿದ್ದು ಎದ್ದದ್ದನ್ನು ನೀವೇ ಕಣ್ಣಾರೆ ಕಂಡರೆ ಆಗ ಸೆನ್ಸರ್ ಬದಲಿಸಲು ಹಿಂಜರಿಯಬೇಕಾಗಿಲ್ಲ. ಕಾಣದಿದ್ದರೆ ಇನ್ನೊಂದು ಉಪಾಯವಿದೆ: ಕೇಬಲ್ ಮಾದರಿಯ ಕಾರುಗಳಲ್ಲಿ ಸೆನ್ಸರಿನ ಕಪ್ಲರನ್ನು ಕಳಚಿ, ಅದೇ ರಸ್ತೆಯಲ್ಲಿ ಮೆಕ್ಯಾನಿಕರೊಂದಿಗೆ ಸ್ವಲ್ಪ ದೂರ ಓಡಿಸಿ ನೋಡುವುದು. ಕಂಪ್ಯೂಟರ್ ಆಗ ದೀಪ ಹೊತ್ತಿಸಿ, ತನ್ನಲ್ಲಿರುವ ಬದಲಿ ಲೆಕ್ಕದ ಮೇಲೆ ಎಂಜಿನ್ನನ್ನು ನಡೆಸುತ್ತದೆ. ಪಿಕಪ್ ಮಂದವಾದರೂ ಜಗ್ಗಾಟ ಪೂರ್ತಿಯಾಗಿ ನಿಂತುಹೋದರೆ ಸೆನ್ಸರಿನ ಸಿಗ್ನಲೇ ಅಪರಾಧಿ. ಜಗ್ಗಾಟ ಹಾಗೆಯೇ ಉಳಿದರೆ ಇಂಟೇಕಿನಲ್ಲಿ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ) ಗಾಳಿ ಸೋರುವಿಕೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಇರುವ ಕಾರಾದರೆ ಅದರ ಅಂಟಿಕೊಳ್ಳುವಿಕೆ ಇತ್ಯಾದಿಗಳನ್ನು ನೋಡಬೇಕು. ಪರೀಕ್ಷೆಯ ನಂತರ ಕೋಡನ್ನು ಅಳಿಸುವುದನ್ನು ಮರೆಯಬಾರದು. ಕೇಬಲ್ ಇಲ್ಲದ ಕಾರುಗಳಲ್ಲಿ ಈ ಪ್ರಯೋಗ ಮಾಡಲೇಬಾರದು.

ಪ್ರಶ್ನೆ: ನಮ್ಮದು ಕೇಬಲ್ ಇಲ್ಲದ, ಎಲೆಕ್ಟ್ರಾನಿಕ್ ಥ್ರಾಟಲಿನ ಕಾರು. ಉಪ್ಪಳದಲ್ಲಿ ಸಮುದ್ರದ ಪಕ್ಕದಲ್ಲೇ ಮನೆ. ಜೂನ್ ತಿಂಗಳಿಂದೀಚೆಗೆ ಮಳೆ ಬಂದ ದಿನ ಬೆಳಿಗ್ಗೆ ಹೊರಟ ಸ್ವಲ್ಪ ಹೊತ್ತಿಗೆ ದೀಪ ಹೊತ್ತಿಕೊಂಡು, ಪೆಡಲ್ ಎಷ್ಟು ಒತ್ತಿದರೂ ಕಾರು ತೆವಳುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಮಧ್ಯಾಹ್ನದ ಮೇಲೆ ಒಮ್ಮೆಯೂ ಹೀಗಾಗಿಲ್ಲ. ಸ್ಕ್ಯಾನರಿನಲ್ಲಿ ಪಿ2135 ಬಂದಿದೆ, ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು ಎಂದಿದ್ದಾರೆ. ಖರ್ಚು ಕೇಳಿ ಗಾಬರಿಯಾಗಿದೆ.
— ಗೃಹಿಣಿಯೊಬ್ಬರು, ಉಪ್ಪಳ

ಉತ್ತರ: ಬೆಳಿಗ್ಗೆ ಬಂದು ಮಧ್ಯಾಹ್ನ ಮಾಯವಾಗುವ ದೋಷ ತೇವದ್ದೇ ಎಂದು ಹಿಡಿದು ನಡೆಯುವುದು ಜಾಣತನ. ಥ್ರಾಟಲ್ ಬಾಡಿಗೆ ಕೈಹಾಕುವುದು ಕಡೆಯ ಮಾತಾಗಲಿ.

ನಿಮ್ಮ ಕಾರಿನಲ್ಲಿ ಥ್ರಾಟಲ್ ತಟ್ಟೆಯನ್ನು ಒಂದು ಮೋಟಾರು ತಿರುಗಿಸುತ್ತದೆ. ತಟ್ಟೆ ಎಷ್ಟು ತೆರೆದಿದೆ ಎಂದು ಹೇಳಲು ಒಂದರ ಬದಲು ಎರಡು ಸೆನ್ಸರುಗಳು ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಅನೇಕ ಮಾದರಿಗಳಲ್ಲಿ ಒಂದರ ವೋಲ್ಟು ಏರಿದಂತೆ ಇನ್ನೊಂದರದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಸದಾ 5 ವೋಲ್ಟಿನ ಆಸುಪಾಸು ಬರಬೇಕು. ಈ ಲೆಕ್ಕ ತಪ್ಪಿದೊಡನೆ ಕಂಪ್ಯೂಟರ್ ಪಿ2135 ದಾಖಲಿಸಿ, ಮೋಟಾರಿಗೆ ಹೋಗುವ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಆಗ ತಟ್ಟೆ ಸ್ಪ್ರಿಂಗಿನ ಬಲದಿಂದ ಸ್ವಲ್ಪವೇ ತೆರೆದು ನಿಲ್ಲುತ್ತದೆ, ಕಾರು ತೆವಳುತ್ತದೆ. ನಿಮಗೆ ಅದು ಕಿರಿಕಿರಿಯಾದರೂ, ಪೆಡಲ್ ಒತ್ತದೆಯೇ ಕಾರು ನುಗ್ಗುವುದಕ್ಕಿಂತ ಇದು ಲೇಸೆಂದು ಯೋಚಿಸಿ ಮಾಡಿದ ವ್ಯವಸ್ಥೆ. ಇಂಥ ಹಲವು ಸೆನ್ಸರುಗಳಲ್ಲಿ ಉಜ್ಜಾಡುವ ಕಾರ್ಬನ್ ಪಟ್ಟಿಯೇ ಇರುವುದಿಲ್ಲ, ಕಾಂತದ ಸಹಾಯದಿಂದ ಮುಟ್ಟದೆಯೇ ಅಳೆಯುತ್ತವೆ. ಹಾಗಿರುವಾಗ ಸವೆತಕ್ಕಿಂತ ಜೋಡಣೆಯ ದೋಷವೇ ಹೆಚ್ಚು ಸಂಭವನೀಯ.

ಮಳೆ ಬಂದ ಬೆಳಿಗ್ಗೆಯೇ ಥ್ರಾಟಲ್ ಬಾಡಿಯ ಕಪ್ಲರನ್ನು (ಸಾಮಾನ್ಯವಾಗಿ ಆರು ತಂತಿಗಳದು) ಕೀ ಆಫ್ ಮಾಡಿ ಕಳಚಿಸಿರಿ. ಟಾರ್ಚಿನ ಬೆಳಕಿನಲ್ಲಿ ಪಿನ್ನುಗಳ ಬುಡವನ್ನು ನೋಡಿದರೆ, ಆರರಲ್ಲಿ ಒಂದರ ಸುತ್ತ ಮಾತ್ರ ಹಸಿರು ಹುಡಿ ಕಟ್ಟಿರುವುದೋ, ಒಂದು ಪಿನ್ನಿನ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿರುವುದೋ ಕಾಣಿಸಬಹುದು. ರಬ್ಬರ್ ಸೀಲು ಜಾಗದಲ್ಲಿದೆಯೇ, ಬಾನೆಟ್ ಎತ್ತಿ ವಾಟರ್ ಸರ್ವಿಸ್ ಮಾಡಿಸಿದ ನಂತರ ಇದು ಆರಂಭವಾಯಿತೇ ಎಂಬುದನ್ನೂ ಯೋಚಿಸಿರಿ. ಒತ್ತಡದ ನೀರು ಸೀಲನ್ನು ದಾಟಿ ಒಳಗೆ ನಿಂತರೆ ಹೊರಬರಲು ದಾರಿಯಿರುವುದಿಲ್ಲ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಒಣಗಿಸಿ, ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯದ) ಗ್ರೀಸನ್ನು ತೆಳ್ಳಗೆ ಸವರಿ ಜೋಡಿಸಬೇಕು. ಪಾಲಿಷ್ ಕಾಗದದಿಂದ ಪಿನ್ ಉಜ್ಜಿದರೆ ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನಷ್ಟು ಬೇಗ ಕಿಲುಬು ಹಿಡಿಯುತ್ತದೆ. ಹೆಣ್ಣು ಪಿನ್ನುಗಳ ಬಿಗಿ ಸಡಿಲವಾಗಿದ್ದರೆ ಆ ಪಿನ್ನುಗಳನ್ನೇ ಬದಲಿಸಬಹುದು. ಅದಕ್ಕೆ ಥ್ರಾಟಲ್ ಬಾಡಿಯ ಬೆಲೆ ತಗಲುವುದಿಲ್ಲ.

ಕೋಡಿನ ಸಂಖ್ಯೆಯನ್ನು ಇನ್ನೊಮ್ಮೆ ಓದಿಸಿಕೊಳ್ಳಿರಿ. ಪಿ2138 ಎಂದಿದ್ದರೆ ಅದು ಪೆಡಲಿನ ಸೆನ್ಸರುಗಳಿಗೆ ಸಂಬಂಧಿಸಿದ್ದು. ಆ ಕಪ್ಲರ್ ಚಾಲಕರ ಕಾಲ ಬಳಿ ಇರುತ್ತದೆ, ಮತ್ತು ಮಳೆಗಾಲದಲ್ಲಿ ನಾವೆಲ್ಲರೂ ಒದ್ದೆ ಕೊಡೆಯನ್ನು ಎಸೆಯುವುದು ಅಲ್ಲಿಗೇ.

ಒಂದು ಎಚ್ಚರಿಕೆ: ಕೀ ಆನ್ ಇರುವಾಗ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು. ಮೋಟಾರು ತಿರುಗಿದರೆ ಬೆರಳು ಸಿಕ್ಕಿಕೊಳ್ಳುತ್ತದೆ, ಒಳಗಿನ ಹಲ್ಲುಚಕ್ರಗಳಿಗೂ ಪೆಟ್ಟಾಗುತ್ತದೆ. ಹೆದ್ದಾರಿಯಲ್ಲಿ ಕಾರು ತೆವಳತೊಡಗಿದರೆ ಹಜಾರ್ಡ್ ದೀಪ ಹಾಕಿ ಎಡಬದಿಗೆ ಸರಿದು ನಿಲ್ಲಿಸಿದ ಮೇಲೆಯೇ ಕೀ ಆಫ್ ಮಾಡಿರಿ, ಓಡುತ್ತಿರುವಾಗ ಮಾಡಬೇಡಿರಿ.

ಪ್ರಶ್ನೆ: ನನ್ನ ಹಳೆಯ ಕಾರಿಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಕೆಲವು ದಿನ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ಹತ್ತು ನಿಮಿಷ ಬಿಟ್ಟರೆ ಆಗುತ್ತದೆ. ಎರಡು, ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹೋಗುವಾಗ ಎ.ಸಿ. ಇದ್ದಕ್ಕಿದ್ದಂತೆ ಬಿಸಿ ಗಾಳಿ ಬಿಟ್ಟು, ಸ್ವಲ್ಪದರಲ್ಲಿ ತಾನೇ ತಂಪಾಗುತ್ತದೆ. ಮೊದಲು ಯಾವುದನ್ನು ಸರಿಮಾಡಿಸಲಿ?
— ಕೃಷಿಕರು, ಮುಳ್ಳೇರಿಯ

ಉತ್ತರ: ಎರಡೂ ಒಂದೇ ಬೇರಿನವು ಆಗಿರಬಹುದು. ಪೆಡಲ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಎಲ್ಲ ಬಲವೂ ಚಕ್ರಕ್ಕೆ ಸಿಗಲಿ ಎಂದು ಕಂಪ್ಯೂಟರ್ ಎ.ಸಿ. ಕಂಪ್ರೆಸರನ್ನು ಸ್ವಲ್ಪ ಹೊತ್ತು ಬಿಡಿಸುವ ವ್ಯವಸ್ಥೆ ಅನೇಕ ಕಾರುಗಳಲ್ಲಿದೆ. ಹಾಗೆಯೇ, ಪೆಡಲ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆದರೆ, ಎಂಜಿನ್ನಿನಲ್ಲಿ ಪೆಟ್ರೋಲ್ ತುಂಬಿಕೊಂಡಿದೆ, ಅದನ್ನು ಹೊರಹಾಕಲು ಹೀಗೆ ಮಾಡುತ್ತಿದ್ದಾರೆ ಎಂದು ತಿಳಿದು ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಈಗ ನಿಮ್ಮ ಥ್ರಾಟಲ್ ಸೆನ್ಸರಿನ ಸಿಗ್ನಲ್ ಆಗಾಗ 5 ವೋಲ್ಟಿನ ಹತ್ತಿರ ಹಾರುತ್ತಿದೆ ಎಂದು ಊಹಿಸಿಕೊಳ್ಳಿರಿ. ನೀವು ಪೆಡಲ್ ಮುಟ್ಟದಿದ್ದರೂ ಪೂರ್ತಿ ಒತ್ತಿದ್ದೀರಿ ಎಂದೇ ಕಂಪ್ಯೂಟರ್ ನಂಬುತ್ತದೆ, ರಸ್ತೆಯಲ್ಲಿ ಎ.ಸಿ. ಬಿಡಿಸುತ್ತದೆ, ಮನೆಯಂಗಳದಲ್ಲಿ ಪೆಟ್ರೋಲ್ ಕೊಡುವುದಿಲ್ಲ.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಸ್ಟಾರ್ಟ್ ಆಗದ ದಿನವೇ, ಅದೂ ಆ ಹತ್ತು ನಿಮಿಷ ಕಳೆಯುವ ಮುನ್ನ, ಪೆಡಲ್ ಮುಟ್ಟದೆ ಸ್ಕ್ಯಾನರಿನಲ್ಲಿ ಥ್ರಾಟಲ್ ಶೇಕಡಾವಾರು ಎಷ್ಟು ತೋರಿಸುತ್ತದೆ ಎಂದು ನೋಡಬೇಕು. ಮಾದರಿಗೆ ತಕ್ಕಂತೆ ಸೊನ್ನೆಯಿಂದ ಹದಿನೈದರ ಒಳಗೆ ಇರಬೇಕಾದದ್ದು ತೊಂಬತ್ತರ ಹತ್ತಿರ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಅರ್ತು ಕಳಚಿದಾಗ ಸಿಗ್ನಲ್ ಮೇಲೇರುತ್ತದೆ ಎಂದು ಮೇಲೆ ಹೇಳಿದೆ. ಆದ್ದರಿಂದ ಸೆನ್ಸರಿನ ಅರ್ತು ತಂತಿಯಿಂದಲೇ ಆರಂಭಿಸಿರಿ. ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ತಂತಿಯನ್ನು ಸೆನ್ಸರಿನ ಅರ್ತು ಪಿನ್ನಿಗೂ ಹಿಡಿದು, ಕೀ ಆನ್ ಮಾಡಿ, ಹೆಡ್‌ಲೈಟು ಮತ್ತು ಬ್ಲೋವರ್ ಹಾಕಿದಾಗ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತು ಪಟ್ಟಿಯ ಬೋಲ್ಟು ತುಕ್ಕು ಹಿಡಿದಿದ್ದರೂ ಅಂಕಿ ಏರುತ್ತದೆ. 5 ವೋಲ್ಟ್ ತಂತಿಯನ್ನು ಹಲವು ಕಾರುಗಳಲ್ಲಿ ಇಂಟೇಕಿನ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರು ಮುಂತಾದವೂ ಹಂಚಿಕೊಳ್ಳುವುದರಿಂದ, ಎರಡು ಮೂರು ಸೆನ್ಸರುಗಳ ಅಂಕಿ ಒಟ್ಟಿಗೆ ಕೆಟ್ಟರೆ ಥ್ರಾಟಲ್ ಸೆನ್ಸರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕಾರು ನಿಲ್ಲಿಸುವ ಜಾಗ ಅಡಿಕೆಯ ಕೊಟ್ಟಿಗೆಯಾಗಿದ್ದರೆ ಇಲಿ ಕಡಿದ ತಂತಿಗೂ ಒಮ್ಮೆ ಕಣ್ಣಾಡಿಸಿರಿ.

ಪ್ರಶ್ನೆ: ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಚಿಕ್ಕ ಸ್ಕ್ಯಾನರ್ ಕೊಂಡಿದ್ದೇನೆ. ಕಾರು ಮುಗ್ಗರಿಸುವಾಗಲೂ ಅದರ ಥ್ರಾಟಲ್ ಗೆರೆ ನೆಟ್ಟಗೇ ಇರುತ್ತದೆ. ಹಾಗಾದರೆ ಸೆನ್ಸರ್ ಸರಿಯಿದೆ ಎಂದು ತಿಳಿಯಬಹುದೇ?
— ವಿದ್ಯಾರ್ಥಿ, ಕುಂಬಳೆ

ಉತ್ತರ: ತಿಳಿಯಲಾಗದು. ಆ ಉಪಕರಣ ಕಂಪ್ಯೂಟರನ್ನು ಒಂದೊಂದಾಗಿ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತದೆ. ಪರದೆಯಲ್ಲಿ ಎಂಟು ಹತ್ತು ಅಂಕಿಗಳನ್ನು ಇಟ್ಟುಕೊಂಡಿದ್ದರೆ ಥ್ರಾಟಲಿನ ಸರದಿ ಬರುವಷ್ಟರಲ್ಲಿ ಕುಸಿತ ಮುಗಿದುಹೋಗಿರುತ್ತದೆ. ಉಳಿದೆಲ್ಲವನ್ನೂ ತೆಗೆದು ಥ್ರಾಟಲ್ ಒಂದನ್ನೇ ಇಟ್ಟು ದಾಖಲಿಸಿ ನೋಡಿರಿ, ಮತ್ತು ಆ ಪರದೆಯನ್ನು ನೋಡುವವರು ಪಕ್ಕದ ಸೀಟಿನಲ್ಲಿರಲಿ. ಅದರಲ್ಲಿ ಕುಸಿತ ಕಂಡರೆ ನಂಬಬಹುದು. ಕಾಣದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಮುಳ್ಳಿನ ಮೀಟರೇ ಗತಿ.

ಪ್ರಶ್ನೆ: ಸೆನ್ಸರ್ ಬದಲಿಸಿದ ಮೇಲೆ ಜಗ್ಗಾಟ ಹೋಯಿತು, ಆದರೆ ಐಡ್ಲಿಂಗ್ ಏರಿ 1,500 ಆರ್‌ಪಿಎಂನಲ್ಲೇ ನಿಲ್ಲುತ್ತಿದೆ. ಹೊಸ ಸೆನ್ಸರೂ ಕೆಟ್ಟದ್ದೇ? ಹಳೆಯದಕ್ಕೆ ಸ್ಪ್ರೇ ಹೊಡೆದು ಮತ್ತೆ ಹಾಕಬಹುದೇ?
— ಓದುಗರೊಬ್ಬರು, ನೀರ್ಚಾಲು

ಉತ್ತರ: ಹೊಸದು ಕೆಟ್ಟದ್ದೆಂದು ಈಗಲೇ ಹೇಳಬೇಡಿರಿ. ಕೆಲವು ಸೆನ್ಸರುಗಳ ಸ್ಕ್ರೂ ತೂತುಗಳು ಉದ್ದನೆಯವಾಗಿದ್ದು, ತುಸು ತಿರುಗಿಸಿ ಕೂರಿಸಬಹುದಾಗಿರುತ್ತದೆ. ಪೆಡಲ್ ಬಿಟ್ಟಿರುವಾಗಿನ ವೋಲ್ಟು ಕಂಪೆನಿಯ ಸರ್ವಿಸ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದ್ದರೆ, ಪೆಡಲ್ ಇನ್ನೂ ಸ್ವಲ್ಪ ಒತ್ತಿಯೇ ಇದೆ ಎಂದು ಕಂಪ್ಯೂಟರ್ ಭಾವಿಸಿ ಐಡ್ಲಿಂಗ್ ಹಿಡಿತಕ್ಕೆ ಬರುವುದೇ ಇಲ್ಲ. ಸ್ಕ್ರೂ ಸಡಿಲಿಸಿ, ಮೀಟರ್ ನೋಡುತ್ತ ಆ ಅಂಕಿಗೆ ತಂದು ಬಿಗಿಸಬೇಕು. ತೂತು ದುಂಡಗಿದ್ದರೆ ಹೊಂದಿಸಲು ಏನೂ ಇಲ್ಲ. ಆಗ ಕಂಪ್ಯೂಟರಿಗೆ ಐಡ್ಲಿಂಗನ್ನು ಹೊಸದಾಗಿ ಕಲಿಸುವ ಕ್ರಮವನ್ನು ಆ ಮಾದರಿಗೆ ಹೇಳಿರುವಂತೆಯೇ ಮಾಡಿಸಬೇಕು. ಕೇಬಲ್ ತೀರಾ ಬಿಗಿಯಾಗಿ ತಟ್ಟೆ ಪೂರ್ತಿ ಮುಚ್ಚದೆ ಉಳಿದಿದೆಯೇ ಎಂದೂ ನೋಡಿಸಿರಿ.

ಹಳೆಯದಕ್ಕೆ ಸ್ಪ್ರೇ ಹೊಡೆಯುವುದರಿಂದ ಸವೆದ ಕಾರ್ಬನ್ ಮರಳಿ ಬರುವುದಿಲ್ಲ. ಕೆಲವು ದಿನ ಸರಿಯಾದಂತೆ ಕಂಡು ನಿಮ್ಮನ್ನು ಮೋಸಗೊಳಿಸಬಹುದು. ಥ್ರಾಟಲ್ ಬಾಡಿ ತೊಳೆಯುವ ಕಾರ್ಬ್ ಕ್ಲೀನರ್ ಒಳಹೊಕ್ಕರಂತೂ ಅದರ ಪ್ಲಾಸ್ಟಿಕ್ಕಿಗೂ ಕೇಡು. ಮುಂದೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸುವಾಗ ಸೆನ್ಸರಿನ ಕಡೆಗೆ ಸ್ಪ್ರೇ ತಾಗದಂತೆ, ಬಟ್ಟೆಗೆ ಹಾಕಿ ಒರೆಸಲು ಹೇಳಿರಿ.